ಎರವಿನ ಬೆಳಕು

ಮಲೆನಾಡಿನ ಮಳೆಗಾಲದಲ್ಲಿ ಆಕಾಶವೆಂಬುದು ಕೇವಲ ಒಂದು ವದಂತಿ. ಸಾಗರ, ಹೊಸನಗರ, ತೀರ್ಥಹಳ್ಳಿಯ ಸೀಮೆಯಲ್ಲಿ ಮೃಗಶಿರಾ ಮಳೆ ಹಿಡಿದುಕೊಂಡಿತೆಂದರೆ ಆರಿದ್ರೆ, ಪುನರ್ವಸು, ಪುಷ್ಯ, ಆಶ್ಲೇಷಗಳು ಒಂದರ ಸೆರಗು ಹಿಡಿದು ಇನ್ನೊಂದು ಬರುತ್ತವೆ. ವಿನೋದವೆಂದರೆ, ಇವೆಲ್ಲವೂ ನಕ್ಷತ್ರಗಳ ಹೆಸರುಗಳೇ. ಮಳೆಗೆ ನಕ್ಷತ್ರದ ಹೆಸರಿಟ್ಟ ಜನ ಆ ಮಳೆ ಮುಗಿಯುವತನಕ ಒಂದು ನಕ್ಷತ್ರವನ್ನೂ ಕಾಣುವಂತಿಲ್ಲ. ಸೂರ್ಯನೇ ಆ ನಕ್ಷತ್ರದಲ್ಲಿ ಬಿಡಾರ ಹೂಡಿರುವ ದಿನಗಳಾದ್ದರಿಂದ, ಮೋಡವಿಲ್ಲದಿದ್ದರೂ ಅದು ಕಣ್ಣಿಗೆ ಬೀಳುತ್ತಿರಲಿಲ್ಲವೆಂದು ಪಂಚಾಂಗ ಬಲ್ಲವರು ಸಮಾಧಾನ ಹೇಳಿಯಾರು. ಆದರೆ ವರ್ಷವೊಂದಕ್ಕೆ ೭,೦೦೦ ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆಗುಂಬೆಯವರಿಗೆ ಆ ಸಮಾಧಾನ ಬೇಕಾಗಿಯೇ ಇಲ್ಲ; ಅವರು ಆಕಾಶದ ಆಸೆಯನ್ನು ಜ್ಯೇಷ್ಠಮಾಸದಲ್ಲೇ ಕಂಬಳಿಯೊಳಗೆ ಸುತ್ತಿಟ್ಟಿರುತ್ತಾರೆ.

ಆದ್ದರಿಂದಲೋ ಏನೋ, ಮಳೆ ಹಿಂದೆಗೆದು ಕಾರ್ತಿಕದ ಗಾಳಿ ಸುಳಿಯತೊಡಗಿದಾಗ ಅಡಿಕೆಯ ಸೋಗೆಗಳ ಸಂದಿನಲ್ಲಿ ಇಣುಕುವ ಚಂದ್ರನನ್ನೂ ಬೆಳ್ಳಿಯನ್ನೂ ಅಲ್ಲಿಯ ಜನ ದೂರದ ಊರಿನಿಂದ ಬಂದ ನೆಂಟರನ್ನು ನೋಡುವಂತೆ ನೋಡುತ್ತಾರೆ. ಈ ನೆಂಟರ ಕಾಂತಿ ಸ್ವಂತದ್ದಲ್ಲ, ಸೂರ್ಯನಿಂದ ಎರವು ತಂದದ್ದೆಂದು ಶಾಲೆಯ ಹುಡುಗರೂ ಬಲ್ಲರು. ಎರವೆಂಬ ಮಾತಿಗೆ ಕನ್ನಡದ ಮನೆಗಳಲ್ಲಿ ಅಷ್ಟೇನೂ ಮರ್ಯಾದೆಯಿಲ್ಲ. ಮದುವೆಗೆ ಎರವು ತಂದ ಸರವನ್ನು ಹಾಕಿಕೊಂಡವಳು ಮದುವೆ ಮುಗಿಯುವವರೆಗೂ ಕತ್ತಿನ ಮೇಲೆ ಕೈಯಿಟ್ಟುಕೊಂಡೇ ಇರುತ್ತಾಳೆ. ಸ್ವಂತ ಬೆಳಕಿಲ್ಲದವನೆಂಬ ಮೂದಲಿಕೆಯನ್ನು ಚಂದ್ರನೂ ಎಷ್ಟೋ ಕಾಲದಿಂದ ಕೇಳಿಸಿಕೊಂಡು ಬಂದಿದ್ದಾನೆ.

ಆದರೆ ಇದಕ್ಕೆ ಇನ್ನೊಂದು ಮಗ್ಗುಲುಂಟು. ನೆರೆಮನೆಗೆ ಎರವು ಕೊಟ್ಟ ಪಾತ್ರೆ ಹಿಂದಿರುಗಿ ಬಂದಾಗ, ಎಷ್ಟೇ ತೊಳೆದಿದ್ದರೂ, ಅದನ್ನೊಮ್ಮೆ ಮೂಸಿ ಆ ಮನೆಯಲ್ಲಿ ಅಂದು ಯಾವ ಅಡಿಗೆಯಾಗಿತ್ತೆಂದು ಹೇಳಬಲ್ಲ ಗೃಹಿಣಿಯರಿದ್ದಾರೆ. ಖಗೋಳ ವಿಜ್ಞಾನದ ಒಂದು ಶಾಖೆ ಮಾಡುತ್ತಿರುವ ಕೆಲಸ ಇದೇ. ಸೂರ್ಯನ ಮನೆಯಿಂದ ಹೊರಟ ಬೆಳಕು ಒಂದು ಕಲ್ಲುಂಡೆಗೋ, ಒಂದು ಗ್ರಹದ ಮೋಡಕ್ಕೋ ತಗುಲಿ ಭೂಮಿಯ ಕಡೆಗೆ ತಿರುಗಿದಾಗ, ತಗುಲಿದ ಆ ವಸ್ತುವಿನ ವಾಸನೆಯನ್ನು ಹೊತ್ತು ತರುತ್ತದೆ. ಕನ್ನಡದಲ್ಲಿ ಪ್ರತಿಫಲವೆಂಬ ಒಂದೇ ಶಬ್ದ ಹಿಂದಿರುಗುವ ಬೆಳಕಿಗೂ, ಮಾಡಿದ ಕೆಲಸಕ್ಕೆ ಸಲ್ಲುವ ಸಂಭಾವನೆಗೂ ಸಲ್ಲುತ್ತದೆ. ಭಾಷೆ ತನಗೆ ಅರಿವಿಲ್ಲದೆಯೇ ಕೆಲವೊಮ್ಮೆ ವಿಜ್ಞಾನವನ್ನು ಮುಂಚಿತವಾಗಿ ನುಡಿದುಬಿಡುತ್ತದೆ.

ಈ ಪರೀಕ್ಷೆಯ ಕ್ರಮವನ್ನು ತಿಳಿಯಬೇಕೆನ್ನುವವರು ಸಾಗರದ ಅಥವಾ ತೀರ್ಥಹಳ್ಳಿಯ ಅಡಿಕೆ ಮಂಡಿಗೆ ಹೋಗಿ ಅರ್ಧ ಗಳಿಗೆ ನಿಂತರೆ ಸಾಕು. ಪಳಗಿದ ವ್ಯಾಪಾರಿ ಚೀಲದಿಂದ ಒಂದು ಹಿಡಿ ಅಡಿಕೆಯನ್ನು ತೆಗೆದು ಬಾಗಿಲ ಬೆಳಕಿಗೆ ಒಡ್ಡುತ್ತಾನೆ. ನೆಟ್ಟಗೆ ನೋಡಿ ಮುಗಿಸುವವನಲ್ಲ ಅವನು. ಅಂಗೈಯನ್ನು ಮೆಲ್ಲನೆ ಅತ್ತ ಓರೆ ಮಾಡುತ್ತಾನೆ, ಇತ್ತ ಓರೆ ಮಾಡುತ್ತಾನೆ. ಒಂದು ಕೋನದಲ್ಲಿ ಚೊಗರಿನ ಕೆಂಪು ಹೊಳಪೇ ಹೊಳಪು. ಇನ್ನೊಂದು ಕೋನದಲ್ಲಿ ಆ ಹೊಳಪು ಸರಿದು ಅಡಿಕೆಯ ನಿಜವಾದ ಮೈ, ಅದರ ಸುಕ್ಕು, ಅದರ ಒರಟು ಹೊರಬೀಳುತ್ತದೆ. ರಾಶಿಯೋ ಬೆಟ್ಟೆಯೋ ಗೊರಬಲೋ ಎಂಬ ತೀರ್ಪು ಆ ಓರೆ ನೋಟದಲ್ಲಿ ಹುಟ್ಟುವಂಥದು. ಎಷ್ಟು ಹೊಳೆಯಿತು ಎಂಬುದು ಅವನಿಗೆ ಮುಖ್ಯವಲ್ಲ. ಓರೆ ಮಾಡಿದಂತೆಲ್ಲ ಹೊಳಪು ಹೇಗೆ ಮಾರ್ಪಟ್ಟಿತು ಎಂಬುದು ಮುಖ್ಯ.

ಖಗೋಳಜ್ಞನ ಪಾಡು ಈ ವ್ಯಾಪಾರಿಗಿಂತ ಕಷ್ಟದ್ದು. ಅವನ ಅಡಿಕೆ ಕೋಟ್ಯಂತರ ಮೈಲಿಯಾಚೆ ಇದೆ. ಕೈಯಲ್ಲಿ ಹಿಡಿದು ತಿರುಗಿಸುವಂತಿಲ್ಲ. ಭೂಮಿಯೂ ಆ ಗ್ರಹವೂ ತಮ್ಮ ತಮ್ಮ ದಾರಿಯಲ್ಲಿ ಸುತ್ತುತ್ತ, ಸೂರ್ಯ, ಗ್ರಹ, ಭೂಮಿ ಈ ಮೂರರ ನಡುವಣ ಕೋನ ತಾನಾಗಿ ಬದಲಾಗುವವರೆಗೆ ತಿಂಗಳುಗಟ್ಟಲೆ ಕಾಯಬೇಕು. ಕಾಯುವುದರ ಜೊತೆಗೆ ಅವನು ಇನ್ನೊಂದು ಉಪಾಯವನ್ನೂ ಮಾಡುತ್ತಾನೆ. ಅದನ್ನು ವಿವರಿಸುವುದಕ್ಕೂ ಮಲೆನಾಡಿನ ತೋಟಕ್ಕೇ ಹೋಗಬಹುದು.

ತೋಟದ ಬಾಯಿಗೆ ಅಡ್ಡಗಳುಗಳ ದಣಪೆಯಿರುತ್ತದಷ್ಟೆ. ಎರಡು ಗಳುಗಳ ನಡುವೆ ಒಂದು ಹಗ್ಗವನ್ನು ತೂರಿಸಿ, ಈಚೆಯ ತುದಿಯನ್ನು ಹಿಡಿದು ಎಡಕ್ಕೂ ಬಲಕ್ಕೂ ಅಲುಗಿಸಿದರೆ ಆ ಅಲೆ ಸಲೀಸಾಗಿ ಆಚೆಗೆ ದಾಟುತ್ತದೆ. ಮೇಲಕ್ಕೂ ಕೆಳಕ್ಕೂ ಅಲುಗಿಸಿದರೆ ಗಳು ತಡೆದುಬಿಡುತ್ತದೆ. ಸೂರ್ಯನ ಬೆಳಕು ಎಲ್ಲ ದಿಕ್ಕಿಗೂ ಒಂದೇ ಸಮನೆ ಅಲುಗುವ ಹಗ್ಗ. ಅದು ನೀರಿನ ಮೇಲೋ, ಗಾಜಿನ ಮೇಲೋ, ಮಳೆಯಲ್ಲಿ ತೊಯ್ದ ಹಲಸಿನ ಎಲೆಯ ಮೇಲೋ ಬಿದ್ದು ಹಾರಿದಾಗ ಒಂದು ದಿಕ್ಕಿನ ಅಲುಗಾಟವೇ ಹೆಚ್ಚಾಗಿ ಉಳಿದುಕೊಳ್ಳುತ್ತದೆ. ಇಂಥ ಬೆಳಕಿಗೆ ಧ್ರುವೀಕೃತವೆಂದು ಹೆಸರು. ಈ ಶಬ್ದವನ್ನು ಪತ್ರಿಕೆಗಳ ಚುನಾವಣೆಯ ಪುಟ ಎಳೆದುಕೊಂಡು ಹೋಗಿರುವುದರಿಂದ ಓದುಗರು ಬೆಚ್ಚಬೇಕಾಗಿಲ್ಲ. ಇಲ್ಲಿ ಮತಗಳ ಮಾತಿಲ್ಲ. ವಾಸ್ತವವಾಗಿ ಬೆಳಕಿಗೆ ಧ್ರುವಗಳೇ ಇಲ್ಲ. ಅಯಸ್ಕಾಂತಕ್ಕಿರುವಂತೆ ಬೆಳಕಿನ ಕಣಗಳಿಗೂ ಧ್ರುವಗಳಿರಬೇಕೆಂದು ಊಹಿಸಿದ ಫ್ರಾನ್ಸಿನ ಮಾಲ್ಯೂಸ್ ಈ ಹೆಸರಿಟ್ಟ. ಊಹೆ ಬಿದ್ದುಹೋಯಿತು, ಹೆಸರು ನಿಂತಿತು.

ಈ ಮಾಲ್ಯೂಸ್ ೧೮೦೮ರ ಒಂದು ಸಂಜೆ ಪ್ಯಾರಿಸಿನ ತನ್ನ ಮನೆಯಲ್ಲಿ ಐಸ್‌ಲೆಂಡಿನ ಸ್ಫಟಿಕವೊಂದನ್ನು ಕಣ್ಣಿಗೆ ಹಿಡಿದು, ಎದುರಿನ ಲಕ್ಸೆಂಬರ್ಗ್ ಅರಮನೆಯ ಕಿಟಕಿಗಳಲ್ಲಿ ಹೊಳೆಯುತ್ತಿದ್ದ ಅಸ್ತಮಾನದ ಸೂರ್ಯನನ್ನು ನೋಡುತ್ತಿದ್ದನಂತೆ. ಆ ಸ್ಫಟಿಕದ ಮೂಲಕ ಯಾವ ವಸ್ತುವಾದರೂ ಎರಡಾಗಿ ಕಾಣುವುದು ವಾಡಿಕೆ. ಸ್ಫಟಿಕವನ್ನು ತಿರುಗಿಸಿದಂತೆ ಕಿಟಕಿಯ ಸೂರ್ಯರಲ್ಲಿ ಒಬ್ಬ ಮಂಕಾದ, ಇನ್ನೊಬ್ಬ ಬೆಳಗಿದ. ಮತ್ತೆ ತಿರುಗಿಸಲು ಇವನು ಮಂಕಾದ, ಅವನು ಬೆಳಗಿದ. ಆಗುಂಬೆಯ ನೆತ್ತಿಯಲ್ಲಿ ಸೂರ್ಯಾಸ್ತ ನೋಡಲು ನೆರೆಯುವ ಸಾವಿರಾರು ಜನ ಸೂರ್ಯನನ್ನೇ ನೋಡುತ್ತಾರೆ. ಮಾಲ್ಯೂಸ್ ಕಿಟಕಿಯಲ್ಲಿ ಬಿದ್ದ ಸೂರ್ಯನನ್ನು ನೋಡಿದ. ಎರವಿನ ಬೆಳಕಿನ ಶಾಸ್ತ್ರ ಹುಟ್ಟಿದ್ದು ಅಲ್ಲಿ. ಅದನ್ನು ಕಂಡ ನಾಲ್ಕೇ ವರ್ಷಕ್ಕೆ, ಮೂವತ್ತಾರರ ವಯಸ್ಸಿನಲ್ಲಿ, ಅವನು ತೀರಿಕೊಂಡ.

ಮುಂದೆ ಬೆಂಗಳೂರಿನವರೇ ಆಗಿಹೋದ ಸರ್ ಸಿ. ವಿ. ರಾಮನ್ ೧೯೨೧ರಲ್ಲಿ ಹಡಗಿನಲ್ಲಿ ಯೂರೋಪಿನಿಂದ ಹಿಂದಿರುಗುವಾಗ ಮಾಡಿದ ಪ್ರಯೋಗವನ್ನೂ ಇಲ್ಲಿ ನೆನೆಯಬೇಕು. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವಷ್ಟೆ ಎಂದು ದೊಡ್ಡವರೆಲ್ಲ ಹೇಳುತ್ತಿದ್ದ ಕಾಲ. ರಾಮನ್ ತಮ್ಮೊಡನೆ ಇದ್ದ ಒಂದು ಪುಟ್ಟ ನಿಕೋಲ್ ಪಟ್ಟಕವನ್ನು ತೆಗೆದು, ಸರಿಯಾದ ಓರೆಯಲ್ಲಿ ಹಿಡಿದು, ನೀರಿನ ಮೇಲ್ಮೈಯ ಪ್ರತಿಫಲನವನ್ನು ಆರಿಸಿಬಿಟ್ಟರು. ಆಕಾಶದ ಬಿಂಬ ಅಳಿಸಿಹೋಯಿತು. ಸಮುದ್ರದ ನೀಲಿ ಅಳಿಯಲಿಲ್ಲ, ಬದಲಾಗಿ ಇನ್ನಷ್ಟು ಗಾಢವಾಯಿತು. ಆ ನೀಲಿ ನೀರಿನ ಒಡಲಿನದೇ ಎಂದಾಯಿತು.

ಶರಾವತಿಯ ಹಿನ್ನೀರಿನಲ್ಲಿ ಇದನ್ನು ಯಾರು ಬೇಕಾದರೂ ಮಾಡಿ ನೋಡಬಹುದು. ೨೦೨೫ರ ಜುಲೈಯಲ್ಲಿ ಸೇತುವೆ ತೆರೆಯುವವರೆಗೆ ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾದು ಸಿಗಂದೂರಿಗೆ ದಾಟುತ್ತಿದ್ದವರಿಗೆ, ಮಧ್ಯಾಹ್ನದ ಹೊತ್ತು ಆ ನೀರು ಕಣ್ಣು ಕುಕ್ಕುತ್ತಿದ್ದುದು ಮರೆಯುವಂಥದಲ್ಲ. ಪೊಲರಾಯಿಡ್ ಕನ್ನಡಕ ತೊಟ್ಟು, ನೀರಿನ ಮಟ್ಟದಿಂದ ಸುಮಾರು ೩೭ ಡಿಗ್ರಿ ಕೆಳಗೆ ದೃಷ್ಟಿಯಿಟ್ಟರೆ ಝಳಪು ಮಾಯವಾಗಿ ದಡದ ನೀರಿನೊಳಗಿನ ಕಲ್ಲೂ ಬೇರೂ ಕಾಣುತ್ತವೆ. ಹಾಗೆಂದು, ೧೯೬೪ರಲ್ಲಿ ಲಿಂಗನಮಕ್ಕಿಯ ನೀರಿನಡಿ ಸೇರಿದ ಹಿರೇಭಾಸ್ಕರದ ಹಳೆಯ ಅಣೆಕಟ್ಟು ಕಂಡೀತೆಂದು ಆಸೆಪಡಬಾರದು. ಅದಕ್ಕೆ ಕನ್ನಡಕ ಸಾಲದು, ನೀರೇ ಇಳಿಯುವಂಥ ಬೇಸಗೆ ಬರಬೇಕು.

ಇಷ್ಟು ಉಪಕರಣವನ್ನು ಕೈಯಲ್ಲಿ ಹಿಡಿದು ಇನ್ನು ಕ್ಷುದ್ರಗ್ರಹಗಳ ಕಡೆ ತಿರುಗಬಹುದು. ಕ್ಷುದ್ರವೆಂಬ ಹೆಸರನ್ನು ಕೊಟ್ಟವರಿಗೆ ಅವುಗಳ ಮೇಲೆ ಏನು ಕೋಪವಿತ್ತೋ! ಮಂಗಳ ಮತ್ತು ಗುರುವಿನ ನಡುವಣ ಬಯಲಿನಲ್ಲಿ ಸುತ್ತುವ ಈ ಕಲ್ಲುಗಳಲ್ಲಿ ಮೊದಲನೆಯದಾದ ಸೀರಿಸ್ಸನ್ನು ೧೮೦೧ರ ಜನವರಿ ೧ರಂದು ಸಿಸಿಲಿಯ ಪಿಯಾಟ್ಸಿ ಕಂಡ. ಈಗ ಲೆಕ್ಕಕ್ಕೆ ಸಿಕ್ಕಿರುವವು ಹತ್ತು ಲಕ್ಷಕ್ಕೂ ಮಿಕ್ಕು. ಬಹುತೇಕ ಎಲ್ಲವೂ ದೂರದರ್ಶಕದಲ್ಲಿ ಬರಿಯ ಚುಕ್ಕಿ. ಚುಕ್ಕಿಯ ಕಾಂತಿಯನ್ನು ಅಳೆಯಬಹುದು. ಗಾತ್ರವನ್ನು ಅಳೆಯುವುದು ಹೇಗೆ? ದೊಡ್ಡ ಕಪ್ಪು ಬಂಡೆಯೂ ಸಣ್ಣ ಬಿಳಿಯ ಬಂಡೆಯೂ ಒಂದೇ ಕಾಂತಿ ಬೀರಬಲ್ಲವು. ದೂರದಲ್ಲಿ ಬರುವ ಎರಡು ದೀಪಗಳಲ್ಲಿ ಒಂದು ಹತ್ತಿರದ ಬುಡ್ಡಿದೀಪವೋ ದೂರದ ಪೆಟ್ರೋಮ್ಯಾಕ್ಸೋ ಎಂದು ಕತ್ತಲ ಹಾದಿಯಲ್ಲಿ ತಿಳಿಯದೆ ಹೋಗುವಂಥದೇ ಇದು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಬರ್ನಾರ್ಡ್ ಆ ಕಾಲದ ಅತಿ ದೊಡ್ಡ ದೂರದರ್ಶಕಗಳಲ್ಲಿ ಕಣ್ಣಿಟ್ಟು ಸೀರಿಸ್ಸಿನ ವ್ಯಾಸ ಸುಮಾರು ೭೮೦ ಕಿಲೋಮೀಟರು, ವೆಸ್ಟಾದ್ದು ೩೯೦ ಎಂದು ಅಳೆದ. ಆ ಕಾಲಕ್ಕೆ ಅದು ಸಾಹಸವೇ. ಪುಸ್ತಕಗಳು ಎಪ್ಪತ್ತು ವರ್ಷ ಆ ಅಂಕಿಗಳನ್ನೇ ನಂಬಿ ಕುಳಿತವು.

ನಂಬಿಕೆ ಅಲುಗಿದ್ದು ೧೯೭೦ರ ಆಸುಪಾಸಿನಲ್ಲಿ, ಹಿಂದಿರುಗಿದ ಬೆಳಕಿನ ಅಲುಗಾಟವನ್ನು ಅಳೆಯತೊಡಗಿದಾಗ. ತತ್ತ್ವ ಸರಳವಾದದ್ದು, ರಷ್ಯದ ಉಮೋವ್ ೧೯೦೫ರಲ್ಲೇ ಅದನ್ನು ಗುರುತಿಸಿದ್ದ. ರಂಗೋಲಿಯ ಪುಡಿಯ ಮೇಲೆ ಬಿದ್ದ ಬೆಳಕು ಒಂದು ಕಣದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಹಾರಿ ಹಾರಿ ಹೊರಬರುತ್ತದೆ. ಅಷ್ಟು ಮನೆ ಸುತ್ತಿದ ಬೆಳಕಿನಲ್ಲಿ ಒಂದು ದಿಕ್ಕಿನ ಶಿಸ್ತು ಉಳಿಯುವುದಿಲ್ಲ. ಇದ್ದಿಲ ಪುಡಿಯಲ್ಲಿ ಹಾಗಲ್ಲ. ಎರಡನೆಯ ಕಣಕ್ಕೆ ಹಾರುವ ಮೊದಲೇ ಇದ್ದಿಲು ಅದನ್ನು ನುಂಗುತ್ತದೆ. ಮೊದಲ ನೆಗೆತದಲ್ಲೇ ಪಾರಾದ ಬೆಳಕು ಮಾತ್ರ, ಕೊಂಚವೇ ಆದರೂ, ಶಿಸ್ತಾಗಿ ಹೊರಬರುತ್ತದೆ. ಆದ್ದರಿಂದ ಬೆಳಕು ಹೆಚ್ಚು ಧ್ರುವೀಕೃತವಾಗಿದ್ದಷ್ಟೂ ಅದನ್ನು ಮರಳಿಸಿದ ಮೈ ಹೆಚ್ಚು ಕಪ್ಪು. ಕಪ್ಪೆಷ್ಟೆಂದು ತಿಳಿದರೆ, ಅಷ್ಟು ಕಾಂತಿ ಬೀರಲು ಅದು ಎಷ್ಟು ದೊಡ್ಡದಿರಬೇಕೆಂಬುದು ಬರಿಯ ಗುಣಾಕಾರ. ಹೇಳುವುದಕ್ಕೆ ಇಷ್ಟು ಸುಲಭ, ಮಾಡುವುದಕ್ಕಲ್ಲ. ಗುರುವಿನೀಚೆಯ ಈ ಕಲ್ಲುಗಳು ೩೦ ಡಿಗ್ರಿಯ ಸುಮಾರಿಗಿಂತ ಹೆಚ್ಚು ಓರೆಯಾಗಿ ಭೂಮಿಗೆ ಕಾಣಿಸಿಕೊಳ್ಳುವುದೇ ಇಲ್ಲ, ಅಷ್ಟರಲ್ಲಿ ದೊರೆಯುವ ಧ್ರುವೀಕರಣ ನೂರಕ್ಕೆ ಒಂದೆರಡು ಪಾಲು. ಆ ಒಂದೆರಡು ಪಾಲನ್ನು ಹಿಡಿಯಲು ರಾತ್ರಿಗಳನ್ನು ಸವೆಸಬೇಕು.

ಸವೆಸಿದವರಿಗೆ ತಿಳಿದದ್ದೇನು? ಶಾಖದ ಕಿರಣಗಳನ್ನು ಅಳೆದವರೂ ಇದೇ ಕಾಲದಲ್ಲಿ ಹೇಳಿದಂತೆ, ಬರ್ನಾರ್ಡನ ಅಂಕಿಗಳು ಬಹಳ ಕಡಿಮೆಯೆಂದು. ಡಾನ್ ಎಂಬ ನೌಕೆ ೨೦೧೧ರಲ್ಲಿ ವೆಸ್ಟಾವನ್ನೂ ೨೦೧೫ರಲ್ಲಿ ಸೀರಿಸ್ಸನ್ನೂ ಸುತ್ತಿ ನೋಡಿದಾಗ ಸೀರಿಸ್ಸಿನ ವ್ಯಾಸ ಸುಮಾರು ೯೪೦ ಕಿಲೋಮೀಟರು, ವೆಸ್ಟಾದ್ದು ೫೨೫ ಎಂದು ಸ್ಥಿರಪಟ್ಟಿತು. ಸೀರಿಸ್ ತನ್ನ ಮೇಲೆ ಬಿದ್ದ ಬೆಳಕಿನ ನೂರರಲ್ಲಿ ಒಂಬತ್ತು ಪಾಲನ್ನೂ ವೆಸ್ಟಾ ನಲವತ್ತು ಪಾಲನ್ನೂ ಮರಳಿಸುತ್ತವೆ. ಒಂದು ಜಿಪುಣ, ಇನ್ನೊಂದು ಧಾರಾಳಿ. ಇನ್ನೂ ಎಷ್ಟೋ ಕಲ್ಲುಗಳು ಸೀರಿಸ್ಸನ್ನು ಮೀರಿಸಿದ ಜಿಪುಣರು. ನೂರರಲ್ಲಿ ನಾಲ್ಕೈದು ಪಾಲು ಕೊಟ್ಟರೆ ಹೆಚ್ಚು. ಜಪಾನಿನ ಹಯಬುಸಾ-೨ ನೌಕೆ ರ್ಯುಗು ಎಂಬ ಅಂಥ ಒಂದು ಕಲ್ಲಿನಿಂದ ೨೦೨೦ರಲ್ಲಿ ಹೊತ್ತು ತಂದ ೫.೪ ಗ್ರಾಂ ಪುಡಿಯನ್ನು ತೆರೆದಾಗ ಅದು ಬಚ್ಚಲ ಒಲೆಯ ಇದ್ದಿಲಿನಂತಿತ್ತು. ಬೆಳಕು ಮೊದಲೇ ಹೇಳಿದ್ದ ಮಾತು ಅದು.

ಇಷ್ಟಕ್ಕೂ ಒಂದು ಕಲ್ಲು ಕಪ್ಪೋ ಬಿಳಿಯೋ ಎಂದು ತಿಳಿದು ಆಗಬೇಕಾದ್ದೇನು ಎಂದು ಅಡಿಕೆಯ ವ್ಯಾಪಾರಿ ಕೇಳಿದರೆ ಅವನ ಮೇಲೆ ಸಿಟ್ಟಾಗಬಾರದು. ಒಂದು ಲೆಕ್ಕ ಸಾಕು. ಒಂದೇ ಕಾಂತಿಯ ಎರಡು ಕಲ್ಲುಗಳಲ್ಲಿ ಒಂದು ನೂರಕ್ಕೆ ೩೬ ಪಾಲು ಬೆಳಕನ್ನೂ ಇನ್ನೊಂದು ೪ ಪಾಲನ್ನೂ ಮರಳಿಸುವುದಾದರೆ, ಎರಡನೆಯದರ ಅಡ್ಡಳತೆ ಮೊದಲನೆಯದರ ಮೂರರಷ್ಟು, ಗಾತ್ರ ಇಪ್ಪತ್ತೇಳರಷ್ಟು. ಅಂಥದು ಭೂಮಿಯ ಹಾದಿಗೆ ಅಡ್ಡ ಬರುವುದಾದರೆ ಇಪ್ಪತ್ತೇಳರ ಈ ವ್ಯತ್ಯಾಸ ಒಂದು ಊರಿಗೂ ಒಂದು ಸೀಮೆಗೂ ಇರುವ ವ್ಯತ್ಯಾಸವಾದೀತು. ೨೦೦೪ರಲ್ಲಿ ಕಂಡುಬಂದ ಅಪೋಫಿಸ್ ಎಂಬ ಕಲ್ಲು ೨೦೨೯ರಲ್ಲಿ ಭೂಮಿಗೆ ಅಪ್ಪಳಿಸುವ ಸಂಭವ ೩೭ರಲ್ಲಿ ಒಂದೆಂದು ಆ ವರ್ಷದ ಕೊನೆಯ ಕೆಲವು ದಿನ ಲೆಕ್ಕ ಹೇಳಿತು. ಹಳೆಯ ಚಿತ್ರಗಳಲ್ಲಿ ಅದರ ಜಾಡು ಸಿಕ್ಕಿದ್ದರಿಂದ ಆ ಭಯ ಬೇಗನೆ ಕಳೆಯಿತು. ಅದು ಎಷ್ಟು ದೊಡ್ಡದೆಂಬುದನ್ನು ಧ್ರುವೀಕರಣದಿಂದ ಅಳೆದವರು ೨೦೦೭ರಲ್ಲಿ ಸುಮಾರು ೨೭೦ ಮೀಟರು ಎಂದರು. ಆಮೇಲಿನ ರೇಡಾರ್ ೩೪೦ರ ಸುಮಾರು ಎಂದಿತು. ೨೦೨೯ರ ಏಪ್ರಿಲ್ ೧೩ರಂದು ಅದು ಭೂಮಿಯಿಂದ ೩೨,೦೦೦ ಕಿಲೋಮೀಟರಿನಷ್ಟು ಎತ್ತರದಲ್ಲಿ ಹಾದುಹೋಗಲಿದೆ; ಇನ್ನು ನೂರು ವರ್ಷ ಅಪಾಯವಿಲ್ಲವೆಂದು ೨೦೨೧ರಲ್ಲಿ ತೀರ್ಮಾನವಾಗಿದೆ. ಕ್ಷುದ್ರವೆಂಬ ಹೆಸರಿಗೆ ಇದಕ್ಕಿಂತ ಉತ್ತರ ಬೇಕೆ?

ಶುಕ್ರನ ಕಥೆ ಬೇರೆ. ಬೆಳ್ಳಿಯೆಂದು ಅದನ್ನು ಕರೆದ ಹಳ್ಳಿಗರು ತಪ್ಪು ಮಾಡಲಿಲ್ಲ. ಬಿದ್ದ ಬೆಳಕಿನಲ್ಲಿ ಮುಕ್ಕಾಲು ಪಾಲನ್ನು ಅದು ಮರಳಿಸುತ್ತದೆ, ಕಾರಣ ಅದರ ಮೈತುಂಬ ಮೋಡ. ಆಗುಂಬೆಗಾದರೂ ಕಾರ್ತಿಕ ಬರುತ್ತದೆ. ಶುಕ್ರನಿಗೆ ಆ ಭಾಗ್ಯವಿಲ್ಲ. ಮೋಡ ಬಿಳಿಯದಾಗಿರುವುದರಿಂದ ಅದು ನೀರಿನದೇ ಇರಬೇಕೆಂದೂ, ಅದರಡಿಯಲ್ಲಿ ಹಸುರು ಕಾಡು, ಜೌಗು, ಮಳೆ ಎಂದೂ ಎಷ್ಟೋ ಕಥೆಗಾರರು ಬರೆದರು. ಒಟ್ಟಿನಲ್ಲಿ ಶುಕ್ರನೆಂದರೆ ಮತ್ತೊಂದು ಮಲೆನಾಡು.

ಈ ಬೆಳಕನ್ನು ಮೊದಲು ತಾಳ್ಮೆಯಿಂದ ಅಳೆದವನು ಪ್ಯಾರಿಸಿನ ಬಳಿಯ ಮ್ಯೂಡಾನ್ ವೀಕ್ಷಣಾಲಯದ ಬರ್ನಾರ್ ಲಿಯೋ. ಸಾವಿರದಲ್ಲಿ ಒಂದು ಪಾಲಿನಷ್ಟು ಸೂಕ್ಷ್ಮವಾಗಿ ಧ್ರುವೀಕರಣವನ್ನು ಹಿಡಿಯುವ ಉಪಕರಣವನ್ನು ಅವನೇ ಕಟ್ಟಿದ. ಅವನ ರೀತಿ ಯಾವ ಅಡಿಗೆಯ ಮನೆಗೂ ಒಗ್ಗುವಂಥದು: ಚಂದ್ರನ ಬೆಳಕನ್ನು ಅಳೆಯುವುದು, ಆಮೇಲೆ ಮರಳು, ಜೇಡಿ, ಜ್ವಾಲಾಮುಖಿಯ ಬೂದಿ ಒಂದೊಂದನ್ನೂ ಮೇಜಿನ ಮೇಲಿಟ್ಟು ಅದರ ಬೆಳಕನ್ನು ಅಳೆಯುವುದು, ಯಾವುದು ಹೋಲುವುದೋ ನೋಡುವುದು. ಚಂದ್ರನಿಗೆ ಜ್ವಾಲಾಮುಖಿಯ ಬೂದಿ ಹೋಲಿತು. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟು ಅಲ್ಲಿಯ ನುಣ್ಣನೆಯ ಧೂಳನ್ನು ತಂದದ್ದು, ಈ ಕೆಲಸವೆಲ್ಲ ೧೯೨೯ರ ಪ್ರಬಂಧವಾಗಿ ಹೊರಬಂದು ನಲವತ್ತು ವರ್ಷಗಳ ಮೇಲೆ. ಶುಕ್ರನಿಗೆ ಹೋಲಿದ್ದು ಬೂದಿಯಲ್ಲ, ಸಣ್ಣ ಹನಿಗಳ ಮಂಜು. ಆದರೆ ಯಾವ ದ್ರವದ ಹನಿ? ಅದನ್ನು ಹೇಳಲು ಲಿಯೋಗೆ ಆಯುಸ್ಸು ಸಾಲಲಿಲ್ಲ. ೧೯೫೨ರಲ್ಲಿ ಆಫ್ರಿಕದಲ್ಲಿ ಸೂರ್ಯಗ್ರಹಣವನ್ನು ನೋಡಿ ಹಿಂದಿರುಗುವಾಗ ಈಜಿಪ್ಟಿನ ರೈಲಿನಲ್ಲಿ ಅವನ ಹೃದಯ ನಿಂತಿತು.

ಉತ್ತರ ಬಂದದ್ದು ಕಾಮನಬಿಲ್ಲಿನಿಂದ. ಹೊಸನಗರದ ಗುಡ್ಡಗಳ ಮೇಲೆ ಬಿಸಿಲು ಮಳೆ ಒಟ್ಟಾದ ಹೊತ್ತಿನಲ್ಲಿ ಬಿಲ್ಲು ಮೂಡಿದಾಗ ಅದರ ಬಣ್ಣವನ್ನು ಎಲ್ಲರೂ ನೋಡುತ್ತಾರೆ. ಅದು ಮೂಡುವ ಜಾಗವನ್ನು ನೋಡುವವರು ವಿರಳ. ಸೂರ್ಯನಿಗೆ ಬೆನ್ನು ಮಾಡಿ ನಿಂತವನ ತಲೆಯ ನೆರಳಿನಿಂದ ಸುಮಾರು ೪೨ ಡಿಗ್ರಿ ದೂರದಲ್ಲಿ ಅದು ಮೂಡತಕ್ಕದ್ದು, ಯಾಕೆಂದರೆ ಹನಿ ನೀರಿನದು. ಬೇರೆ ದ್ರವದ ಮಳೆ ಸುರಿಯುವುದಾಗಿದ್ದರೆ ಬಿಲ್ಲಿನ ಜಾಗವೇ ಬೇರೆಯಾಗುತ್ತಿತ್ತು. ಬಿಲ್ಲಿನ ಬೆಳಕು ಬಹಳ ಮಟ್ಟಿಗೆ ಧ್ರುವೀಕೃತವೂ ಹೌದು. ಪೊಲರಾಯಿಡ್ ಕನ್ನಡಕವನ್ನು ಕಣ್ಣೆದುರು ಹಿಡಿದು ತಿರುಗಿಸಿದರೆ ಬಿಲ್ಲಿನ ತುಂಡೊಂದು ಅಳಿದು ಮೂಡುವುದನ್ನು ಮಕ್ಕಳಿಗೆ ತೋರಿಸಬಹುದು. ಶುಕ್ರನ ವಿಷಯದಲ್ಲಿ ಒಂದು ಅನುಕೂಲವಿದೆ. ಅದು ಚಂದ್ರನಂತೆ ಬಿದಿಗೆಯಿಂದ ಹುಣ್ಣಿಮೆಯವರೆಗೆ ಎಲ್ಲ ಕಲೆಗಳಲ್ಲೂ ಕಾಣುವುದರಿಂದ ಆ ಅಡಿಕೆಯನ್ನು ಪೂರ್ತಿ ತಿರುಗಿಸಿ ನೋಡಿದಂತಾಗುತ್ತದೆ. ಹಾಗೆ ತಿರುಗಿಸಿ ನೋಡಿದ ಅಳತೆಗಳಲ್ಲಿ ಧ್ರುವೀಕರಣದ ಒಂದು ಪುಟ್ಟ ಗುಬುಟು ಸುಮಾರು ೨೦ ಡಿಗ್ರಿಯಲ್ಲಿ ಕಂಡಿತು. ಅದು ಶುಕ್ರನ ಕಾಮನಬಿಲ್ಲು. ಕಣ್ಣಿಗೆ ಕಾಣದ, ಬಣ್ಣವಿಲ್ಲದ, ಕಾಗದದ ಮೇಲಿನ ಬಿಲ್ಲು!

೧೯೭೪ರಲ್ಲಿ ಜೇಮ್ಸ್ ಹ್ಯಾನ್ಸನ್ ಮತ್ತು ಹೊವೆನಿಯರ್ ಎಂಬಿಬ್ಬರು ಈ ಗುಬುಟನ್ನು ಗಣಿತಕ್ಕಿಳಿಸಿ ಹನಿಗಳು ಗುಂಡಗಿವೆಯೆಂದೂ, ಅವುಗಳ ತ್ರಿಜ್ಯ ಸುಮಾರು ಒಂದು ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲೆಂದೂ, ಅವುಗಳ ವಕ್ರೀಭವನಾಂಕ ೧.೪೪ ಎಂದೂ ತೋರಿಸಿದರು. ನೀರಿನದು ೧.೩೩. ೧.೪೪ಕ್ಕೆ ಹೊಂದುವಂಥದು, ಬೇರೆ ಕೆಲವರು ಅದಾಗಲೇ ಸೂಚಿಸಿದ್ದ ಗಂಧಕಾಮ್ಲ. ಯಾರೂ ಕಾಲಿಡದ ಲೋಕದ ಒಂದು ಹನಿಯನ್ನು, ಕೂದಲಿಗಿಂತಲೂ ಎಷ್ಟೋ ಪಟ್ಟು ಸಣ್ಣದನ್ನು, ಇಲ್ಲಿ ಕುಳಿತು ಅಳೆದು, ಅದರ ರುಚಿಯನ್ನೂ ಹೇಳಿದಂತಾಯಿತು. ಹಸುರು ಕಾಡಿನ ಕಥೆಗಳು ಸುಟ್ಟುಹೋದವು. ಮೋಡದಡ್ಡಲಿನ ಶುಕ್ರನ ನೆಲದ ಬಿಸಿ ೪೬೦ ಡಿಗ್ರಿ ಸೆಂಟಿಗ್ರೇಡಿನ ಸುಮಾರು. ಈ ಹ್ಯಾನ್ಸನ್ ಮುಂದೆ ಶುಕ್ರನನ್ನು ಬಿಟ್ಟು ಭೂಮಿಯ ವಾಯುಮಂಡಲಕ್ಕೆ ತಿರುಗಿದ. ಭೂಮಿ ಬಿಸಿಯೇರುತ್ತಿದೆಯೆಂದು ೧೯೮೮ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ಸಾಕ್ಷಿ ನುಡಿದವನು ಇವನೇ.

ಮಲೆನಾಡಿಗರು ಆರು ತಿಂಗಳು ನೋಡುವ ಮೋಡಕ್ಕೂ ಒಂದು ಮೇಲುಮೈಯುಂಟು. ಅವರು ಕಾಣುವುದು ಬರಿಯ ಕೆಳಮೈ, ಬೂದುಬಣ್ಣದ್ದು, ಸೋರುವಂಥದು. ಹೊರಗಿನಿಂದ ನೋಡಿದವನಿಗೆ ಭೂಮಿಯ ಬೆಳಕೆಲ್ಲ ಹೆಚ್ಚಾಗಿ ಆ ಮೇಲುಮೈಯಿಂದಲೇ. ತೀರ್ಥಹಳ್ಳಿಯಿಂದ ಆಗುಂಬೆ ಘಟ್ಟವಿಳಿದರೆ ಸಿಗುವ ಉಡುಪಿ ಸೀಮೆಯ ಆದಮಾರಿನಲ್ಲಿ ೧೯೩೨ರಲ್ಲಿ ಹುಟ್ಟಿದ ಯು. ಆರ್. ರಾಯರ ಹೆಸರನ್ನು ಹೊತ್ತ ಬೆಂಗಳೂರಿನ ಉಪಗ್ರಹ ಕೇಂದ್ರದಲ್ಲಿ ಇದಕ್ಕಾಗಿಯೇ ಒಂದು ಉಪಕರಣ ಸಿದ್ಧವಾಯಿತು. ಹೆಸರು ಶೇಪ್. ೨೦೨೩ರ ಜುಲೈ ೧೪ರಂದು ಚಂದ್ರಯಾನ-೩ ಹೊರಟಾಗ, ಚಂದ್ರನ ಮೇಲೆ ಇಳಿದ ವಿಕ್ರಮನ ಮೇಲೆಯೇ ದೇಶದ ಕಣ್ಣೆಲ್ಲ ನೆಟ್ಟಿತ್ತು. ಅವನನ್ನು ಹೊತ್ತು ತಂದು ಬಿಟ್ಟ ಚಾಲಕ ನೌಕೆಯಲ್ಲಿ ಇದು ಸದ್ದಿಲ್ಲದೆ ಕುಳಿತಿತ್ತು. ಅದರ ಕೆಲಸ ಚಂದ್ರನನ್ನು ನೋಡುವುದಲ್ಲ, ಚಂದ್ರನ ಕಕ್ಷೆಯಿಂದ ಭೂಮಿಯನ್ನು ನೋಡುವುದು: ಭೂಮಿ ಮರಳಿಸಿದ ಬೆಳಕಿನ ರೋಹಿತವನ್ನೂ ಧ್ರುವೀಕರಣವನ್ನೂ, ಕಣ್ಣಿಗೆ ಕಾಣುವ ಕೆಂಪಿನಾಚೆಯ ಅಲೆಗಳಲ್ಲಿ ಅಳೆಯುವುದು. ಜೀವವಿರುವ ಒಂದು ಗ್ರಹ ದೂರದಿಂದ ಹೇಗೆ ಕಾಣುತ್ತದೆಂಬ ಮಾದರಿ ಮೊದಲು ಕೈಯಲ್ಲಿದ್ದರೆ, ಬೇರೆ ಸೂರ್ಯರನ್ನು ಸುತ್ತುವ ಗ್ರಹಗಳ ಬೆಳಕಿನಲ್ಲಿ ಅಂಥದೇ ಗುರುತನ್ನು ಹುಡುಕಬಹುದಷ್ಟೆ. ಲಿಯೋ ಮೇಜಿನ ಮೇಲೆ ಬೂದಿಯಿಟ್ಟ. ಇವರು ಭೂಮಿಯನ್ನೇ ಇಟ್ಟರು.

ಇಷ್ಟೆಲ್ಲ ಸೂಕ್ಷ್ಮದ ಕೆಲಸಕ್ಕೆ ಬೇಕಾದ ಮೊದಲ ಸಾಮಗ್ರಿ ಕತ್ತಲು. ಅದೀಗ ದುಬಾರಿಯಾಗುತ್ತಿದೆ. ಇದರಲ್ಲಿ ಮಲೆನಾಡಿನ ಪಾಲೂ ಉಂಟೆಂಬುದು ವಿಚಿತ್ರ. ೧೯೪೮ರಲ್ಲಿ ಜೋಗದಲ್ಲಿ ಹುಟ್ಟಿದ ವಿದ್ಯುತ್ತು, ಆಮೇಲೆ ಲಿಂಗನಮಕ್ಕಿಯ ನೀರಿನಿಂದ ಹುಟ್ಟಿದ ವಿದ್ಯುತ್ತು, ನಾಡಿನ ಬೀದಿಬೀದಿಗಳನ್ನು ಬೆಳಗಿತು. ಅದಕ್ಕಾಗಿ ಸಾಗರ ಹೊಸನಗರದ ಎಷ್ಟೋ ಊರುಗಳು, ಗದ್ದೆ ತೋಟಗಳು, ದೇವಸ್ಥಾನಗಳು ನೀರಿನಡಿ ಸೇರಿದವು. ಮುಳುಗಿದವರ ಮಕ್ಕಳ ಹೊಸ ಮನೆಗಳಿಗೆ ಆ ದೀಪ ಬಹಳ ತಡವಾಗಿ ಬಂತೆಂಬ ಅಳಲು ಅಲ್ಲಿ ಇಂದಿಗೂ ಕೇಳುತ್ತದೆ. ಅಣೆಕಟ್ಟಿನ ಮಟ್ಟ ೧,೮೧೯ ಅಡಿಗೆ ಎಷ್ಟು ಬಾಕಿಯೆಂದು ಮಳೆಗಾಲದಲ್ಲಿ ಪತ್ರಿಕೆಗಳು ದಿನವೂ ಅಚ್ಚುಹಾಕುತ್ತವೆ; ಆ ನೀರು ಬೆಳಕಾಗಿ ಬೆಂಗಳೂರಿನ ಧೂಳಿಗೂ ಮೋಡಕ್ಕೂ ತಗುಲಿ ಎಷ್ಟು ನಕ್ಷತ್ರಗಳನ್ನು ಮುಳುಗಿಸಿತೆಂಬ ಲೆಕ್ಕವನ್ನು ಯಾರೂ ಅಚ್ಚುಹಾಕುವುದಿಲ್ಲ. ಬೀದಿದೀಪ ಬೇಡವೆಂದು ಯಾರೂ ಹೇಳಲಾರರು; ಬೆಳಕನ್ನು ನೆಲಕ್ಕೆ ಹಾಯಿಸದೆ ಆಕಾಶಕ್ಕೆ ಚೆಲ್ಲುವ ದೀಪ ಯಾರಿಗೆ ಬೇಕು ಎಂದು ಕೇಳಬಹುದು.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯವರು ಕತ್ತಲನ್ನು ಹುಡುಕಿಕೊಂಡು ಊರು ಬಿಟ್ಟವರು. ಮೊದಲು ತಮಿಳುನಾಡಿನ ಜವಾದಿ ಬೆಟ್ಟದ ಕವಲೂರಿಗೆ ಹೋದರು. ವೇಣು ಬಾಪು ಕಟ್ಟಿದ ಆ ವೀಕ್ಷಣಾಲಯದಲ್ಲೇ ಆರ್. ರಾಜಮೋಹನ್ ೧೯೮೮ರ ಫೆಬ್ರವರಿ ೧೭ರಂದು ಒಂದು ಹೊಸ ಕ್ಷುದ್ರಗ್ರಹವನ್ನು ಕಂಡರು. ಮದ್ರಾಸಿನಲ್ಲಿ ಪಾಗ್ಸನ್ ೧೮೬೧ರಲ್ಲಿ ಏಷಿಯಾ ಎಂಬುದನ್ನು ಕಂಡು ಆರಂಭಿಸಿದ ಪರಂಪರೆ ನೂರಕ್ಕೂ ಹೆಚ್ಚು ವರ್ಷ ಕಡಿದುಹೋಗಿ ಅಲ್ಲಿ ಮತ್ತೆ ಕೂಡಿತು. ಈ ಹೊಸ ಕಲ್ಲು ೪೧೩೦ನೆಯದು; ಅದಕ್ಕೆ ರಾಮಾನುಜನ್ ಎಂದು ಹೆಸರಾಯಿತು. ಬಾಪು ಅವರ ಹೆಸರನ್ನು ೨೫೯೬ನೆಯದು ಹೊತ್ತಿದೆ. ಆಮೇಲೆ ಸಂಸ್ಥೆ ಲಡಾಖಿನ ಹಾನ್ಲೆಯವರೆಗೂ, ೪,೫೦೦ ಮೀಟರಿನ ಎತ್ತರಕ್ಕೆ ಏರಿತು. ಅಲ್ಲಿಯ ದೂರದರ್ಶಕವನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಲ್ಲಿ ಕುಳಿತು ಉಪಗ್ರಹದ ಮೂಲಕ ನಡೆಸುತ್ತಾರೆ. ೨೦೨೨ರಲ್ಲಿ ಹಾನ್ಲೆಯ ಸುತ್ತಣ ಸೀಮೆಯನ್ನು ಕತ್ತಲೆಯ ಅಭಯಾರಣ್ಯವೆಂದು ಸಾರಿದರು. ಹುಲಿಗೆ ಅಭಯಾರಣ್ಯ ಕೊಟ್ಟ ದೇಶದಲ್ಲಿ ಕತ್ತಲೆಗೂ ಒಂದು ದೊರೆಯಿತು.

ಹಾನ್ಲೆಯವರೆಗೆ ಹೋಗಲಾರದವರಿಗೆ ಮಲೆನಾಡಿನ ಕತ್ತಲು ಇನ್ನೂ ಅಷ್ಟಿಷ್ಟು ಉಳಿದಿದೆ. ದೂರದರ್ಶಕವಿಲ್ಲದೆ ಬರಿಗಣ್ಣಿಗೆ ಕಾಣಸಿಗುವ ಮಾಮೂಲಿ ಕ್ಷುದ್ರಗ್ರಹ ಒಂದೇ ಒಂದು. ಅದು ಎಲ್ಲಕ್ಕಿಂತ ದೊಡ್ಡದಾದ ಸೀರಿಸ್ ಅಲ್ಲ; ಧಾರಾಳಿಯಾದ ವೆಸ್ಟಾ. ಅದೂ ಭೂಮಿಗೆ ಸಮೀಪ ಬಂದು ಅತ್ಯಂತ ಹೊಳಪಾಗಿರುವ ಕೆಲವೇ ವಾರ, ಕಣ್ಣಿನ ಶಕ್ತಿಯ ಕೊನೆಯ ಅಂಚಿನಲ್ಲಿ. ಚಂದ್ರನಿಲ್ಲದ ರಾತ್ರಿ, ಮೋಡವಿಲ್ಲದ ತಿಂಗಳು, ಹತ್ತಿರದಲ್ಲಿ ಪೇಟೆಯಿಲ್ಲದ ಒಂದು ಅಡಿಕೆಯ ಅಂಗಳ, ಕೈಯಲ್ಲೊಂದು ನಕ್ಷತ್ರಪಟ, ಇಷ್ಟು ಕೂಡಿಬಂದರೆ ಅದನ್ನು ಹುಡುಕಬಹುದು. ಅಂಗಳದ ದೀಪವನ್ನು ಆರಿಸಿ, ಕಣ್ಣು ಕತ್ತಲಿಗೆ ಒಗ್ಗುವವರೆಗೆ ಅರ್ಧ ಗಂಟೆಯಾದರೂ ಜಗಲಿಯ ಮೇಲೆ ಸುಮ್ಮನೆ ಕುಳಿತಿರಬೇಕಾಗುತ್ತದೆ.